ಹೊಸ ಹಲ್ಲು ಮೊಳೆಯುವವರೆಗೆ

ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಒಂದೇ ಕಿಟಕಿಯ ಕೋಣೆ. ಅಲ್ಲಿ ಕುಳಿತು ಅವರು ಹಲ್ಲಿನ ಸೆಟ್ಟು ಕಟ್ಟುತ್ತಾರೆ. ಬಾಯಿಗಳನ್ನು ಅವರು ನೋಡುವುದಿಲ್ಲ. ಊರಿನ ದಂತವೈದ್ಯರು ರೋಗಿಯ ಒಸಡಿನ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಎರೆದು, ಗಟ್ಟಿಯಾದ ಬಿಳಿ ಒಸಡಿನ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಾರೆ. ಜೊತೆಗೆ ಬರುವ ಚೀಟಿಯಲ್ಲಿ ಹೆಸರಿರುವುದಿಲ್ಲ, ಬರೀ ನಂಬರು. ಅವರ ಕೂದಲು ಬೆಳ್ಳಗಾದದ್ದು ಅರ್ಧ ವಯಸ್ಸಿನಿಂದ, ಅರ್ಧ ಪ್ಲಾಸ್ಟರಿನಿಂದ ಎಂದು ಕೆಳಗಿನ ಚಪ್ಪಲಿ ಅಂಗಡಿಯವನು ಹೇಳುತ್ತಾನೆ.

ಅವರಿಗೆ ‘ನಾಳೆಯಪ್ಪ’ ಎಂದು ಹೆಸರಿಟ್ಟವನೂ ಅವನೇ. ಎದುರಿಗೆ ಮಾತ್ರ ‘ಯಜಮಾನರೇ’ ಎನ್ನುತ್ತಾನೆ.

ಭಾನುವಾರ ಬೆಳಿಗ್ಗೆ ನಾಳೆಯಪ್ಪ ಒಗೆದ ಅಂಗಿ ತೊಟ್ಟು ಪಕ್ಕದ ಬೀದಿಯ ಟ್ಯೂಷನ್ ಕೋಣೆಗೆ ಹೋಗುತ್ತಾರೆ. ಮಕ್ಕಳ ಬೆಂಚುಗಳ ಮೇಲೆ ಮಂಡಿ ಮಡಿಸಿ ಕೂರುವ ಹತ್ತು ಹನ್ನೆರಡು ಜನ ದೊಡ್ಡವರು. ಗೋಡೆಯ ಮೇಲೆ ವಿಡಿಯೋ ಮೂಡುತ್ತದೆ. ಇನ್ನು ಕೆಲವೇ ವರ್ಷ, ಯಂತ್ರಗಳು ಮನುಷ್ಯನಿಗಿಂತ ಜಾಣವಾಗುತ್ತವೆ; ಕಾಯಿಲೆ ಹೋಗುತ್ತದೆ, ದುಡಿಮೆ ಹೋಗುತ್ತದೆ, ಮುಪ್ಪು ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಅಲ್ಲಿ ಕೂರುವವರೆಲ್ಲ ‘ದಾಟುವುದು’ ಎನ್ನುತ್ತಾರೆ. ಅಲ್ಲಿಯವರೆಗೆ ಜೀವ ಹಿಡಿದುಕೊಂಡಿರಬೇಕು, ಅಷ್ಟೇ. ಸಕ್ಕರೆ ಬಿಟ್ಟಿದ್ದಾರೆ, ಮುಂಜಾನೆ ನಡೆಯುತ್ತಾರೆ. ಯಾರಾದರೂ ತೀರಿಕೊಂಡರೆ ‘ಪಾಪ, ಸ್ವಲ್ಪದರಲ್ಲಿ ತಪ್ಪಿಹೋಯಿತು’ ಎನ್ನುತ್ತಾರೆ, ಬಸ್ಸು ತಪ್ಪಿದವರ ಬಗ್ಗೆ ಹೇಳುವ ಹಾಗೆ.

ಇದನ್ನು ಭಕ್ತಿ ಎಂದರೆ ನಾಳೆಯಪ್ಪನಿಗೆ ಸಿಟ್ಟು ಬರುತ್ತದೆ. ಭಕ್ತಿ ಏನೆಂದು ಅವರು ಕಂಡವರು. ಅವರ ತಂದೆ ಒಂದು ಸಣ್ಣ ಪ್ರಾರ್ಥನಾ ಕೂಟದವರು, ಲೋಕದ ಕೊನೆಗೆ ಬರುವ ರಕ್ಷಕನೊಬ್ಬನಿಗಾಗಿ ಕಾಯುತ್ತಿದ್ದರು. ಹೆಂಚು ಒಡೆದಾಗ, ಲೋಕವೇ ಮುಗಿಯುವಾಗ ಸೂರು ಯಾಕೆ ಎಂದು ಸುಮ್ಮನಾದರು. ಹೇಳಿದ ವರ್ಷ ಕಳೆಯಿತು, ಬೇರೆ ವರ್ಷ ಹೇಳಿದರು. ಮಕ್ಕಳು ಸೋರದ ಮೂಲೆ ಹುಡುಕಿ ಮಲಗಿದರು. ಮಗ ಆ ಮನೆ ಬಿಟ್ಟು ಬಂದದ್ದು ವಿಜ್ಞಾನದ ಪತ್ರಿಕೆಗಳ ಕಟ್ಟು ಹೊತ್ತುಕೊಂಡು. ‘ಅಪ್ಪ ನಂಬಿದ್ರು. ನಾನು ಲೆಕ್ಕ ಹಾಕ್ತೀನಿ’ ಎಂದು ಈಗಲೂ ಹೇಳುತ್ತಾರೆ.

ಮೂರು ವರ್ಷದ ಹಿಂದೆ ಅವರ ಹೆಂಡತಿಯ ಒಸಡು ಕೊಳೆತು ಎಲ್ಲ ಹಲ್ಲೂ ತೆಗೆಸಬೇಕಾಯಿತು. ಗಾಯ ಮಾಗಿದ ಮೇಲೆ ಗಂಡನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

‘ನೋಡಿ, ಊರಿಗೆಲ್ಲಾ ಕಟ್ಟಿದ್ದೀರಿ. ನನ್ನ ಸರದಿ ಬಂತು.’

‘ಈಗ ಬೇಡ ಕಣೇ’ ಎಂದರು ಅವರು. ಭಾನುವಾರವಷ್ಟೇ ಹೊಸ ವಿಡಿಯೋ ಬಂದಿತ್ತು: ಒಸಡಿನಲ್ಲೇ ಮತ್ತೆ ಹಲ್ಲು ಬೆಳೆಸುತ್ತಾರೆ. ‘ಸೆಟ್ಟು ಹಾಕಿದ್ರೆ ಅದು ಒತ್ತಿ ಒತ್ತಿ ಮೂಳೆ ಸವೆಯತ್ತೆ. ಬಿತ್ತೋ ನೆಲ ತುಳೀಬಾರ್ದು. ಸ್ವಲ್ಪ ತಡ್ಕೋ.’

ಸೆಟ್ಟು ಒತ್ತಿದರೆ ಮೂಳೆ ಸವೆಯುವುದು ನಿಜ. ಹಲ್ಲಿಲ್ಲದ ಮೂಳೆ ಸುಮ್ಮನೆ ಬಿಟ್ಟರೂ ಇಳಿಯುತ್ತದೆ ಎಂಬುದೂ ಅಷ್ಟೇ ನಿಜ, ಅದೂ ಅವರಿಗೆ ಗೊತ್ತಿತ್ತು. ಮೊದಲನೆಯದನ್ನು ಅವರು ಮನೆಯಲ್ಲಿ ಮತ್ತೆ ಮತ್ತೆ ಹೇಳಿದರು.

ಹೆಂಡತಿ ಗಂಜಿ ಕುಡಿದರು. ಕಿವುಚಿದ ಹಣ್ಣು ತಿಂದರು. ಮದುವೆ ಮನೆಗಳಿಗೆ ಹೋಗುವುದು ಬಿಟ್ಟರು. ಬಂದವರ ಮುಂದೆ ಮಾತಾಡುವಾಗ ಸೆರಗು ಬಾಯಿಗೆ ಬರುವುದು ಅಭ್ಯಾಸವಾಯಿತು. ‘ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ’ ಎಂದ ಚಪ್ಪಲಿ ಅಂಗಡಿಯವನು. ‘ನಿಮ್ಮನೇಲಿ ಡಬ್ಬಿಗಟ್ಟಲೆ ಹಲ್ಲಿದೆ ಯಜಮಾನರೇ, ಅಮ್ಮನೋರಿಗೆ ಮಾತ್ರ ಇಲ್ಲ.’

ಈಚೆಗೆ ಆಕೆಯ ತಮ್ಮ ಬಂದಿದ್ದ. ಲಾರಿ ಓಡಿಸುವವನು, ವರ್ಷಕ್ಕೊಮ್ಮೆ ಬರುವವನು. ಅಕ್ಕನ ಕೈಬಳೆ ಮೊಣಕೈಗೆ ಜಾರುವುದನ್ನು ನೋಡುತ್ತ ಕೂತ.

‘ಭಾವ, ಅಕ್ಕ ಇಷ್ಟು ಇಳಿದುಹೋಗಿದಾಳಲ್ಲ.’

‘ಇನ್ನೇನು, ಬಂದೇಬಿಡ್ತು ಕಣೋ. ಪ್ರಯೋಗ ಶುರುವಾಗಿದೆ.’

‘ಏನು ಬಂದ್ಬಿಡ್ತು?’

‘ನಿಮ್ಮ ಭಾವನ ಅಪ್ಪ ಸೂರು ಹೊದಿಸ್ಲಿಲ್ಲ’ ಎಂದರು ಆಕೆ, ತಟ್ಟೆ ಎತ್ತುತ್ತ. ‘ಇವ್ರು ನನ್ನ ಬಾಯಿಗೆ ಬೀಗ ಹಾಕಿದಾರೆ. ವಂಶದ ಕಸುಬು.’

ಮರುದಿನ ಆಕೆಯ ತಮ್ಮ ಲಾರಿ ಹತ್ತುವ ಮೊದಲು ಅಕ್ಕನನ್ನು ಎಲ್ಲಿಗೋ ಕರೆದುಕೊಂಡು ಹೋಗಿ ಬಂದ. ಸಂತೆಗೆ ಎಂದುಕೊಂಡರು ನಾಳೆಯಪ್ಪ.

ಆ ವಾರ ಬಂದ ಅಚ್ಚುಗಳಲ್ಲಿ ಒಂದು ಅವರಿಗೆ ಹಿಡಿಸಲಿಲ್ಲ. ಪ್ಲಾಸ್ಟರ್ ಎರೆದು ಬಿಡಿಸಿದಾಗ ಕೆಳಗಿನ ಒಸಡು ಮೂಳೆಯ ದಿಬ್ಬವೇ ಇಲ್ಲದೆ ತಟ್ಟೆಯ ಹಾಗಿತ್ತು. ಮೇಲಿನ ಸೆಟ್ಟು ಅಂಗುಳಕ್ಕೆ ಕಚ್ಚಿಕೊಳ್ಳುತ್ತದೆ, ಕೆಳಗಿನದಕ್ಕೆ ದಿಬ್ಬವೇ ಆಧಾರ. ಅಚ್ಚು ಕಳಿಸಿದ ಡಾಕ್ಟರಮ್ಮನಿಗೆ ಅವರು ಫೋನು ಮಾಡಿದರು.

‘ಮೇಡಂ, ಈ ಬಾಯಲ್ಲಿ ಕೆಳಗಿನ ಸೆಟ್ಟು ನಿಲ್ಲಲ್ಲ. ಹಲ್ಲು ತೆಗೆಸಿ ಹಾಗೇ ಬಿಟ್ಟಿದಾರೆ. ಮನೇಲಿ ಹೇಳೋರು ಯಾರೂ ಇರ್ಲಿಲ್ವಂತಾ?’



‘ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ’ ಎಂದರು ಡಾಕ್ಟರಮ್ಮ. ‘ಅದು ನಿಮ್ಮ ಮನೆಯವರದ್ದೇ.’

ಫೋನು ಇಟ್ಟ ಮೇಲೆ ಅವರು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬೇರೆ ಕೆಲಸಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ ಮೇಣ ಕಾಯಿಸಲು ಕೂತರು. ಮನೆಯಲ್ಲಿ ಈ ಮಾತೇ ಬರಲಿಲ್ಲ. ಅವರು ಕೇಳಲಿಲ್ಲ, ಆಕೆ ಹೇಳಲಿಲ್ಲ. ಭಾನುವಾರ ಎಂದಿನಂತೆ ಟ್ಯೂಷನ್ ಕೋಣೆಗೆ ಹೋಗಿ ಬಂದರು. ಬಂದವರೇ ಮತ್ತೆ ಮಹಡಿ ಹತ್ತಿದರು. ಕೆಳಗಿನ ಸಾಲನ್ನು ಎರಡು ಸಲ ಕಿತ್ತು ಹೊಸದಾಗಿ ನಿಲ್ಲಿಸಿದರು.

ಸಿದ್ಧವಾದ ಸೆಟ್ಟನ್ನು ಡಾಕ್ಟರಮ್ಮನಿಗೆ ಕಳಿಸುವುದು ರೂಢಿ. ಇದನ್ನು ಮನೆಗೆ ತಂದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತ ಹೆಂಡತಿಯ ಬಾಯಿಗೆ ತಾವೇ ಕೂರಿಸಿದರು. ಅಷ್ಟು ವರ್ಷದ ಕಸುಬಿನಲ್ಲಿ ಬದುಕಿರುವ ಬಾಯಿಯೊಂದನ್ನು ಅವರು ಮುಟ್ಟಿದ್ದು ಅದೇ ಮೊದಲು.

ಆಕೆ ಒಂದು ತುಂಡು ಬ್ರೆಡ್ಡು ಬಾಯಿಗಿಟ್ಟು ಅಗಿದರು. ಮೇಲಿನದು ನಿಂತಿತು. ಕೆಳಗಿನದು ಎರಡನೇ ಅಗಿತಕ್ಕೇ ಎದ್ದು ನಾಲಿಗೆಯ ಮೇಲೆ ತೇಲಿತು. ಆಕೆ ಬೆರಳಿಂದ ಒತ್ತಿ ಹಿಡಿದುಕೊಂಡು, ನಿಧಾನವಾಗಿ, ಆ ತುಂಡನ್ನು ನುಂಗಿದರು.

‘ಮೂಳೆ ಇಳಿದಿದೆ’ ಎಂದರು ನಾಳೆಯಪ್ಪ, ನೆಲ ನೋಡುತ್ತ. ‘ನನ್ನಿಂದಾನೇ.’

‘ಹೂಂ.’



‘ಮೂಳೆಯನ್ನೂ ಬೆಳೆಸ್ತಾರಂತೆ ಮುಂದೆ’ ಎಂದರು ಅವರು. ‘ಈ ವಾರ ತೋರಿಸಿದ್ರು.’

‘ಬೆಳೆಸ್ಲಿ’ ಎಂದರು ಆಕೆ. ಕೆಳಗಿನ ಸೆಟ್ಟನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಅವರ ಅಂಗೈಗೆ ಇಟ್ಟರು. ‘ಈಗ ಬಲಗಡೆ ಚುಚ್ಚತ್ತೆ. ಅಲ್ಲಿ ಸ್ವಲ್ಪ ಉಜ್ಜಿ ಕೊಡಿ.’