ತಿರುಗಿ ನೋಡದ ಅನಸೂಯಾ

ಅನಸೂಯಾಳಿಗೆ ನಗು ಬೇಗ, ಸಿಟ್ಟು ಇನ್ನೂ ಬೇಗ. ಕಲಬುರಗಿ ಕಡೆಯಿಂದ ಮುಂಬೈ ಪಕ್ಕದ ಠಾಣೆ ಊರಿಗೆ ಬಂದು ಇಟ್ಟಿಗೆ ಹೊತ್ತವಳು, ಈಗ ಯೇವೂರ್ ಗುಡ್ಡದ ಬುಡದಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಮೆಟ್ಟಿಲು ಒರೆಸುತ್ತಾಳೆ. ಎದುರು ಏನು ಸುಳಿದರೂ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾವನ್ನು ನಾನು ಕಾಡುಪ್ರಾಣಿ ನೋಡಲೆಂದು ಗುಡ್ಡದತ್ತ ಮುಖ ಮಾಡಿ ಹಿಂದಿನ ಗೋಡೆಗೆ ಕಟ್ಟಿದಾಗ, "ಯಾರ ಲಗ್ನದ ಫೋಟೋ ತೆಗಿಲಾಕ ಹಚ್ಚೀರಿ ಪಂಕಜಾ ಅಕ್ಕೋರ?" ಎಂದು ಕಿಚಾಯಿಸಿದ್ದಳು. ಬ್ಯಾಂಕಿನಿಂದ ನಿವೃತ್ತಳಾದ ಮೈಸೂರಿನವಳಿಗೆ ಇದೆಂಥ ಹುಚ್ಚು ಎಂದು ನೀವೂ ನಗಬಹುದು. ನಗಿ, ನನಗೇನೂ ಬೇಜಾರಿಲ್ಲ.

ತಿಂಗಳಿಡೀ ಸಿಕ್ಕಿದ್ದು ಮುಂಗುಸಿ, ಪುನುಗು ಬೆಕ್ಕು, ಬೀಡಿ ಸೇದುವ ವಾಚ್‌ಮನ್. ಮೊನ್ನೆ ಸಂಜೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ, ಹಿಂದಿನ ಸಂಜೆಯ ಚಿತ್ರದಲ್ಲಿ ಅನಸೂಯಾ! ಗುಡ್ಡದ ದಾರಿಗಳು ಕೂಡುವಲ್ಲಿ ಅನ್ನದ ಉಂಡೆ, ಮೊಟ್ಟೆ ಇಡುತ್ತಿದ್ದಳು. ಅವಳ ಮೊಮ್ಮಗುವಿಗೆ ಜ್ವರ ಬಿಟ್ಟಿರಲಿಲ್ಲ. ಔಷಧಿಯ ಜತೆಗೆ ದೃಷ್ಟಿಯನ್ನೂ ನಿವಾಳಿಸಿದ್ದಳು. ಆ ಅನ್ನ ಇಟ್ಟವರು ತಿರುಗಿ ನೋಡದೆ ಬರಬೇಕು. ಮುಂದಿನ ಚಿತ್ರದಲ್ಲಿ ಅವಳು ಬರುತ್ತಿದ್ದಳು. ಹಿಂದೆ, ನಾಲ್ಕಾರು ಮಾರು ದೂರದಲ್ಲಿ, ತಲೆ ತಗ್ಗಿಸಿದ ಚಿರತೆ. ಮೊಟ್ಟೆಯನ್ನು ದಾಟಿ ಅವಳ ಬೆನ್ನಿಗೇ ಬಂದಿತ್ತು.

ಈಗಲೂ ಅದೇ ಹೊತ್ತು; ಇವತ್ತೂ ಹೋಗಿದ್ದರೆ? ಫೋನ್ ಮಾಡಿದೆ, ಎತ್ತಲಿಲ್ಲ. ಸ್ಟೀಲ್ ತಟ್ಟೆ, ಸೌಟು ಹಿಡಿದು ಹಿಂದಿನ ಗೇಟಿಗೆ ಓಡಿದೆ.

ಅವಳು ಆಗಲೇ ಅನ್ನ ಇಟ್ಟು ಮರಳುತ್ತಿದ್ದಳು. ಹಿಂದೆ ಹುಲ್ಲು ಅಲುಗಿತು. ಚುಕ್ಕೆಯ ಭುಜವೊಂದು ಹೊರಬಂತು.

"ಅನಸೂಯಾ, ಓಡಬೇಡ! ಹಿಂದೆ ಚಿರತೆ!"

ಅವಳು ಓಡಲಿಲ್ಲ. ತಿರುಗಲೂ ಇಲ್ಲ. ತುಟಿ ಕಚ್ಚಿಕೊಂಡು ನಡೆದೇ ಬಂದಳು. ನಾನು ಕೈ ಸೋಲುವಂತೆ ತಟ್ಟೆ ಬಡಿದೆ. ಚಿರತೆ ನಿಂತು ನನ್ನನ್ನು ದಿಟ್ಟಿಸಿತು, ಆಮೇಲೆ ಪೊದೆಗೆ ಸರಿಯಿತು. ಅವಳನ್ನು ಒಳಗೆಳೆದು ಗೇಟು ಹಾಕಿದೆ.

"ತಲೆ ನೆಟ್ಟಗಿದ್ಯೇನೇ? ಚಿರತೆ ಅಂತ ಬಡ್ಕೊಂಡ್ರೂ ಒಂದ್ಸಲ ತಿರುಗಿ ನೋಡಬಾರದಾ?"

ಅವಳು ನೆಲಕ್ಕೆ ಕುಸಿದಳು. "ನಿನ್ನೀನೂ ಬಂದಿತ್ರಿ. ತರಗೆಲಿ ಸಪ್ಪಳ ಕೇಳಿದ್ದೆ."

"ಗೊತ್ತಿದ್ದೂ ಹೋದ್ಯಾ?"

"ಅದೇ ಜಾಗಾಕ ಮೂರು ದಿನ ಇಡಬೇಕ್ರಿ. ತಿರುಗಿ ನೋಡಿದ್ರ ಪೀಡಾ ಹೊಳ್ಳಿ ಕೂಸಿನ ಬೆನ್ನ ಹತ್ತತದ. ನನ್ನ ಬೆನ್ನ ಹತ್ತಿದ್ರ ಹತ್ತಲಿ." ಕಣ್ಣೊರೆಸಿಕೊಂಡಳು. "ನಾಳಿ ಒಂದಿನ ಉಳದದ."

ಬೈದೆ, ಬೇಡಿಕೊಂಡೆ, ಅತ್ತೂಬಿಟ್ಟೆ. ಅವಳು ಜಗ್ಗಲಿಲ್ಲ.

ಮರುದಿನ ನಾನೂ ಹೋದೆ. ಬರುವಾಗ ಅವಳು ಮುಂದೆ ನೋಡುತ್ತ ನಡೆದಳು. ನಾನು ಅವಳ ಸೆರಗು ಹಿಡಿದು, ಗುಡ್ಡಕ್ಕೇ ಮುಖ ಮಾಡಿ, ಗೇಟಿನವರೆಗೂ ಹಿಂದುಹಿಂದಕ್ಕೆ ಹೆಜ್ಜೆ ಇಟ್ಟೆ. ನೋಡಬಾರದಾಗಿದ್ದು ಅವಳು, ನಾನಲ್ಲವಲ್ಲ.