ಹನ್ನೊಂದನೆಯ ಸೂಚನೆ

2005ರ ಜೂನ್ 14, ಮಂಗಳವಾರ. ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಕುಳಿತು, ಆಸ್ಪತ್ರೆಯವರು ನನ್ನ ಅಕ್ಕನಿಗೆ ಕೊಟ್ಟಿದ್ದ ಒಂದು ಪುಟದ ಇಂಗ್ಲಿಷ್ ಸೂಚನೆಗಳನ್ನು ನಾನು ಕನ್ನಡದಲ್ಲಿ ಬರೆದೆ. ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಏನು ಉಣ್ಣಬೇಕು, ಯಾವುದರಲ್ಲಿ ಉಣ್ಣಬೇಕು, ದಿನಕ್ಕೆ ಎಷ್ಟು ಸಲ ಉಣ್ಣಬೇಕು ಎಂಬ ಹದಿಮೂರು ಸೂಚನೆಗಳು. ಹನ್ನೆರಡನ್ನು ಇದ್ದಂತೆಯೇ ಬರೆದೆ. ಹನ್ನೊಂದನೆಯದನ್ನು ತಿರುಗಿಸಿದೆ. ಮನೆಯವರ ಜೊತೆಯಲ್ಲೇ ಕುಳಿತು ಊಟ ಮಾಡಬೇಕು, ಒಬ್ಬರೇ ಉಣ್ಣಬಾರದು ಎಂದು ಮೂಲದಲ್ಲಿತ್ತು. ಒಬ್ಬರೇ ಕುಳಿತು ಊಟ ಮಾಡಬೇಕು, ಎದುರಿಗೆ ಯಾರೂ ಇರಬಾರದು ಎಂದು ನಾನು ಬರೆದೆ.

ಕೈತಪ್ಪಿನಿಂದ ಆದದ್ದಲ್ಲ. ಅವಸರವೂ ಇರಲಿಲ್ಲ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಆಗ ತಿದ್ದುಪಡಿಗಳ ಅಂಕಣವನ್ನು ನೋಡಿಕೊಳ್ಳುತ್ತಿದ್ದವನೂ ನಾನೇ. ಯಾರದಾದರೂ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಮರುದಿನ ಎರಡನೇ ಪುಟದ ಮೂಲೆಯಲ್ಲಿ ಒಪ್ಪಿಕೊಳ್ಳುತ್ತಿದ್ದೆವು. ಈ ತಪ್ಪನ್ನು ಮಾತ್ರ ಮೂರು ವರ್ಷ ಎಂಟು ತಿಂಗಳು —

ಮೊದಲು ಅಕ್ಕ ಯಾರೆಂದು ಹೇಳಬೇಕು.

ಅಕ್ಕನ ಹೆಸರು ನೀಲವ್ವ. ಗಂಡ ತೀರಿಕೊಂಡ ಮೇಲೆ ಬಾಗಲಕೋಟೆಯಲ್ಲಿ ಖಾನಾವಳಿ ತೆರೆದು ಇಪ್ಪತ್ತೆರಡು ವರ್ಷ ನಡೆಸಿದಳು. ಒಲೆಯ ಮುಂದೆ ಕುಳಿತಷ್ಟು ಹೊತ್ತೂ ಎಡಗೆನ್ನೆಯೊಳಗೆ ತಂಬಾಕು, ಸುಣ್ಣ. ಅವಳ ಖಾನಾವಳಿಯಲ್ಲಿ ಒಂದು ರೂಢಿಯಿತ್ತು. ಹೊತ್ತು ಮೀರಿ ಒಬ್ಬನೇ ಬಂದ ಗಿರಾಕಿಗೆ ತಾಟು ಇಟ್ಟ ಮೇಲೆ, ತಾನೂ ಅರ್ಧ ರೊಟ್ಟಿಗೆ ಚೂರು ಹಿಂಡಿ ಚಟ್ನಿ ಹಚ್ಚಿಕೊಂಡು ಎದುರಿಗೆ ಕೂಡುತ್ತಿದ್ದಳು. ಹಸಿವೆ ಇರಲಿ, ಬಿಡಲಿ. ಕೇಳಿದರೆ ನಗುತ್ತಿದ್ದಳು: "ಎದರಿಗೆ ಯಾರರ ಇದ್ರ ಮತ್ತೊಂದು ರೊಟ್ಟಿ ಹೋಗತೈತಿ. ನನ್ನ ಖಾನಾವಳಿ ನಡದಿರೋದ ಅದರ ಮ್ಯಾಲ."

ಅವಳಿಗೆ ಮಕ್ಕಳಿಲ್ಲ. ಕೆನ್ನೆಯೊಳಗಿನ ಹುಣ್ಣು ಮಾಯದಿದ್ದಾಗ ನಾನೇ ಹೈದರಾಬಾದಿಗೆ ಕರೆತಂದೆ. 2005ರ ಏಪ್ರಿಲ್‌ನಲ್ಲಿ ನಾಲಿಗೆಯ ಎಡ ಅರ್ಧವನ್ನೂ ಕೆಳದವಡೆಯ ಒಂದು ತುಂಡು ಎಲುಬನ್ನೂ ತೆಗೆದರು. ತೊಡೆಯ ಮಾಂಸದಿಂದ ತೇಪೆ ಹಾಕಿದರು. ಮೇ ಕೊನೆಗೆ ಮೂಗಿನ ನಳಿಕೆ ತೆಗೆದು ಮನೆಗೆ ಕಳಿಸಿದರು. ಬಾಯಿ ಎರಡು ಬೆರಳು ಹಿಡಿಯುವಷ್ಟೇ ತೆರೆಯುತ್ತಿತ್ತು.

ಮನೆಯ ಚಮಚಗಳಲ್ಲಿ ಒಂದೂ ಆ ಬಾಯಿಗೆ ಹೋಗಲಿಲ್ಲ. ನನ್ನ ಹೆಂಡತಿ ವಿಜಯಾ ಕೋಠಿಯ ಔಷಧದ ಅಂಗಡಿಗಳಲ್ಲಿ ಹುಡುಕಿ ಮಕ್ಕಳಿಗೆ ಔಷಧ ಹಾಕುವ ಚಪ್ಪಟೆ ಚಮಚ, ಸೂಜಿಯಿಲ್ಲದ ದೊಡ್ಡ ಸಿರಿಂಜು ತಂದಳು. ಸಿರಿಂಜಿನ ತುದಿಗೆ ಬೆರಳುದ್ದದ ಮೆತ್ತನೆಯ ರಬ್ಬರ್ ಕೊಳವೆ ಸಿಕ್ಕಿಸಿದೆವು. ಅದನ್ನು ಬಲಗೆನ್ನೆಯ ಒಳಗಿಟ್ಟು ನಿಧಾನವಾಗಿ ಒತ್ತಬೇಕು. ಪ್ಲಾಸ್ಟಿಕ್ ಲೋಟದ ಅಂಚನ್ನು ಮೂಗು ಹಿಡಿಯುವಷ್ಟು ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿದೆವು — ಕುಡಿಯುವಾಗ ಕತ್ತು ಹಿಂದಕ್ಕೆ ಚೆಲ್ಲಬಾರದೆಂದು. ಕತ್ತರಿಸಿದವನು ನಾನು. ತುಟಿಗೆ ತಾಗದಂತೆ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದವನೂ ನಾನು. ಎರಡು ಹೊತ್ತಿನ ಊಟ ಆರು ಸಣ್ಣ ಊಟಗಳಾದವು: ಸೋಸಿದ ಜೋಳದ ಗಂಜಿ, ರುಬ್ಬಿದ ನುಚ್ಚು, ಬೇಳೆಯ ಕಟ್ಟು. ಒಂದೊಂದಕ್ಕೂ ಮುಕ್ಕಾಲು ಗಂಟೆ.

ಮೊದಲ ಎರಡು ವಾರ ಅವಳು ನಮ್ಮ ಜೊತೆಯಲ್ಲೇ ಉಂಡಳು. ಮಾತು ತೊದಲುತ್ತಿತ್ತು, ಆದರೆ ಒಂದು ವಾರದಲ್ಲಿ ನಮಗೆಲ್ಲ ಅರ್ಥವಾಗತೊಡಗಿತು. ಆರು ವರ್ಷದ ನಮ್ಮ ಮಗಳು ಮೇಘಾ ಎಲ್ಲರಿಗಿಂತ ಮೊದಲು ಕಲಿತಳು.

"ಅತ್ತಿ, ನಂಗೂ ಅದರಾಗ ಮಜ್ಜಿಗಿ ಹಾಕು," ಎಂದು ಸಿರಿಂಜಿಗೆ ಕೈ ಚಾಚುತ್ತಿದ್ದಳು.

"ಮೊದಲ ಚಪಾತಿ ಮುಗಸು. ಬಾಯಿತುಂಬ ಹಲ್ಲಿದ್ದಾಕಿಗೆ ಇದ್ಯಾಕ ಬೇಕು?"

ಮಗಳಿಗೆ ಹೇಸಿಗೆಯಾಗಲಿಲ್ಲ. ವಿಜಯಾಳಿಗೂ ಆಗಲಿಲ್ಲ. ಇದನ್ನು ಸ್ಪಷ್ಟವಾಗಿ ದಾಖಲಿಸಬೇಕು, ಏಕೆಂದರೆ ಮುಂದೆ ನಾನು ಮಗಳ ಹೆಸರನ್ನು ಬಳಸಿಕೊಂಡೆ.

ಹೇಸಿಗೆಯಾದದ್ದು ನನಗೆ. ಗಂಜಿ ತುಟಿಯ ಎಡಮೂಲೆಯಿಂದ ಎಳೆಯಾಗಿ ಇಳಿಯುತ್ತಿತ್ತು. ಆ ಕಡೆ ಸ್ಪರ್ಶವೇ ಇಲ್ಲದ್ದರಿಂದ ಅವಳಿಗೆ ತಿಳಿಯುತ್ತಿರಲಿಲ್ಲ. ಪ್ರತಿ ಗುಟುಕಿಗೂ ಒಂದು ಸದ್ದು. ಬಾಯೊಳಗೆ ಉಳಿದದ್ದನ್ನು ಬೆರಳು ಹಾಕಿ ಹಿಂದಕ್ಕೆ ದೂಡಿಕೊಳ್ಳುತ್ತಿದ್ದಳು. ಜೂನ್ 11ರ ಶನಿವಾರ ಮಧ್ಯಾಹ್ನ ಅವಳು ಕೆಮ್ಮಿದಾಗ ನುಚ್ಚಿನ ಒಂದು ಕಣ ನನ್ನ ತಾಟಿನ ಅಂಚಿಗೆ ಬಿತ್ತು. ಆಫೀಸಿನಿಂದ ಫೋನ್ ಬಂತೆಂದು ಎದ್ದೆ. ಫೋನ್ ಬಂದಿರಲಿಲ್ಲ. ಅಕ್ಕ ಒಮ್ಮೆ ನನ್ನ ತಾಟನ್ನು ನೋಡಿದಳು, ಒಮ್ಮೆ ನನ್ನನ್ನು. ಅಷ್ಟೇ.

ಸೋಮವಾರ ಆಸ್ಪತ್ರೆಗೆ ಹೋದೆವು. ನುಂಗುವುದನ್ನೂ ಮಾತನ್ನೂ ಮತ್ತೆ ಕಲಿಸುವ ಥೆರಪಿಸ್ಟ್ ಒಬ್ಬ ತೆಲುಗು ಹುಡುಗಿ. ಹದಿಮೂರು ಸೂಚನೆಗಳನ್ನು ಒಂದೊಂದಾಗಿ ಇಂಗ್ಲಿಷಿನಲ್ಲಿ ನನಗೆ ವಿವರಿಸಿದಳು. ಅಕ್ಕನಿಗೆ ಇಂಗ್ಲಿಷ್ ಬಾರದು, ತೆಲುಗೂ ಬಾರದು. ಬೆರಳು ಮಡಿಸುತ್ತ ಎಣಿಸುತ್ತಿದ್ದಳು. ಹನ್ನೊಂದನೆಯದರ ಮೇಲೆ ಆ ಹುಡುಗಿ ಪೆನ್ನಿಟ್ಟು ನಿಂತಳು. ಎದುರಿಗಿದ್ದವರು ಅಗಿದು ನುಂಗುವುದನ್ನು ನೋಡಿದರೆ ಬಾಯಿಗೆ ಹಳೆಯ ಅಭ್ಯಾಸ ಮರಳುತ್ತದೆ, ಒಬ್ಬರೇ ಉಣ್ಣುವವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ ಎಂದಳು. ಇದನ್ನು ಔಷಧ ಎಂದೇ ತಿಳಿಯಿರಿ ಎಂದಳು.

ಮರುದಿನ ಬರೆಯಲು ಕುಳಿತಾಗ ಆ ಸೂಚನೆಯನ್ನು ಬಿಟ್ಟುಬಿಡೋಣವೆಂದಿದ್ದೆ. ಬಿಟ್ಟರೆ ಹನ್ನೆರಡಾಗುತ್ತಿತ್ತು. ಅಕ್ಕ ಎಣಿಸಿದ್ದಳು.

ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ. ಹನ್ನೊಂದಕ್ಕೆ ಬಂದಾಗ ತಡೆದಳು.

"ಒಬ್ಬಾಕೀನ?"

"ಹೂಂ."

"ಯಾಕಂತ?"

"ಎದರಿಗೆ ಮಂದಿ ಇದ್ರ ಮಾತಾಡಬೇಕನಸತೈತಿ. ಮಾತಾಡಿದ್ರ ತುತ್ತು ಉಸಿರಿನ ನಳಿಗಿಗೆ ಹೋಗತೈತಂತ."

"ಆತು ತಗೋ. ಕಲತವರು ಹೇಳ್ತಾರಂದ್ರ ಏನರ ಇದ್ದ ಇರತೈತಿ."

ವಿಜಯಾ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: "ಅಕ್ಕಾರು ಬಾಗಲಾ ಹಾಕ್ಕೊಂಡು ಉಣ್ಣಾಕತ್ತಾರ. ಖರೇನ ಹಂಗ ಹೇಳ್ಯಾರೇನ್ರಿ ಆಸ್ಪತ್ರ್ಯಾಗ?" ಹೇಳಿದ್ದಾರೆ ಎಂದೆ. ಅದೂ ಅಲ್ಲದೆ ಮೇಘಾ ಸಣ್ಣವಳು, ದಿನಾ ಅದನ್ನು ನೋಡುವುದು ಬೇಡ ಎಂದೆ.

ಅಂದಿನಿಂದ ಅಕ್ಕನ ಹೊತ್ತುಗಳು ಬೇರೆಯಾದವು. ನಾವು ಒಂದು ಗಂಟೆಗೆ ಕೂಡುವ ಮೊದಲು ಅವಳು ಹನ್ನೆರಡಕ್ಕೆ ಒಳಗೆ ಹೋಗುತ್ತಿದ್ದಳು. ಚಮಚ, ಸಿರಿಂಜು, ಲೋಟ, ಎದುರಿಗೆ ಒಂದು ಕನ್ನಡಿ. ಬಾಗಿಲು ಮುಚ್ಚಿರುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ನಾನು ನೆಮ್ಮದಿಯಿಂದ ಉಂಡೆ — ಹೌದು, ನೆಮ್ಮದಿಯಿಂದಲೇ.

ಎರಡು ವಾರಕ್ಕೊಮ್ಮೆ ಥೆರಪಿಸ್ಟ್ ಕೇಳುತ್ತಿದ್ದಳು: "ಅಂದರೂ ಕಲಿಸಿ ತಿಂಟುನ್ನಾರಾ?" ಎಲ್ಲರೂ ಕೂಡಿ ಉಣ್ಣುತ್ತಿದ್ದೀರಾ ಎಂದು. ಅಕ್ಕನ ಪಕ್ಕದಲ್ಲೇ ಕುಳಿತು, ಅವಳಿಗೆ ತಿಳಿಯದ ಭಾಷೆಯಲ್ಲಿ, "ಅವುನಂಡಿ" — ಹೌದು — ಎನ್ನುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಮೆತ್ತನೆಯ ಅನ್ನಕ್ಕೆ ಬರಬೇಕಿತ್ತು, ಇನ್ನೂ ಗಂಜಿಯಲ್ಲೇ ಯಾಕಿದ್ದಾರೆ ಎಂದು ಥೆರಪಿಸ್ಟ್ ಹಳೆಯ ಪುಟಗಳನ್ನು ತಿರುವಿ ನೋಡಿದಳು. ಅಕ್ಕ ಸೊರಗಿ, ಸೀರೆಯ ನೆರಿಗೆಗಳು ಹೆಚ್ಚಾಗಿದ್ದವು. ಅದಕ್ಕೆ ನಾನು ತಿರುಗಿಸಿದ ಸೂಚನೆಯೊಂದೇ ಕಾರಣ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. ಅಲ್ಲವೆನ್ನಲೂ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ತಪ್ಪು ಒಂದು ಮನೆಯೊಳಗಿನದಾಗಿರುತ್ತಿತ್ತು.

ಆ ವರ್ಷಗಳಲ್ಲಿ ಗಾಜಿನ ಆಫೀಸುಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಜನ ಬರುತ್ತಿದ್ದರು. ಅವರಲ್ಲಿ ಕೆಲವರು ಗುಟ್ಕಾ ತಿಂದ ಬಾಯಿ ಹಿಡಿದುಕೊಂಡು ಅದೇ ಆಸ್ಪತ್ರೆಯ ಬೆಂಚಿಗೆ ಬರುತ್ತಿದ್ದರು. ಇಂಗ್ಲಿಷ್ ಹಾಳೆಯನ್ನು ಮಡಿಸಿ ಕಿಸೆಗೆ ಹಾಕಿಕೊಳ್ಳುವುದಲ್ಲದೆ ಅವರಿಗೆ ಬೇರೆ ದಾರಿ ಇರಲಿಲ್ಲ. 2006ರಲ್ಲಿ ಅಕ್ಕ ನನ್ನ ಕನ್ನಡ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಚೀಲದಲ್ಲಿಟ್ಟುಕೊಂಡು ಹೋಗತೊಡಗಿದಳು. ಕೊಟ್ಟವರ ಹೆಸರು, ಊರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಕೊಡುವಾಗ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ:

"ನನ್ನ ತಮ್ಮ ಬರದಾನ್ರಿ ಇದನ್ನ. ಪೇಪರಿನಾಗ ಅದಾನ. ಒಂದಕ್ಷರ ತಪ್ಪಿರಂಗಿಲ್ಲ."



ಹಾಗೆ ತೆಗೆದುಕೊಂಡವರಲ್ಲಿ ಮಲ್ಲಪ್ಪ ಒಬ್ಬ. ಲಿಂಗಸುಗೂರು ಕಡೆಯವನು, ಗಾರೆ ಕೆಲಸ. 2007ರಲ್ಲಿ ಕೂಲಿಕಾರರ ಶೆಡ್ಡುಗಳಿಗೆ ನೀರಿಲ್ಲವೆಂಬ ವರದಿಗಾಗಿ ಮಾಧಾಪುರದ ಒಂದು ಕಟ್ಟಡದ ಹಿಂದೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಜನ ಗುಂಪಾಗಿ ಕುಳಿತು ರೊಟ್ಟಿ ಬಿಚ್ಚಿದ್ದರು. ಆಚೆ, ಇಟ್ಟಿಗೆ ರಾಶಿಯ ಹಿಂದೆ ಗೋಡೆಗೆ ಮುಖಮಾಡಿ ಒಬ್ಬ ಕುಳಿತಿದ್ದ. ಅವನ ಹೆಂಡತಿ ಯಂಕಮ್ಮ ನನ್ನ ಗುರುತು ಹಿಡಿದಳು.

"ನೀಲವ್ವಾರ ತಮ್ಮ ಅಲ್ಲೇನ್ರಿ ನೀವು? ನೀವು ಬರದ ಚೀಟಿ ಪ್ರಕಾರನ ನಡಸೀವ್ರಿ. ಹುಡುಗ್ಯಾರು ಅಪ್ಪನ ಕೂಡ ಉಣ್ತೀವಂತ ಅಳ್ತಾವ. ನಾ ಸನೇಕ ಬಿಡಂಗಿಲ್ರಿ."

"ಛಲೋ ಮಾಡೀರಿ," ಎಂದೆ.

ಇದು ನಾನಾಡಿದ ಮಾತು. ಸತ್ಯ ಹೇಳಲು ಒಂದು ನಿಮಿಷ ಸಾಕಿತ್ತು. ಅವನು ಎದ್ದು ಬಂದು ಮಕ್ಕಳ ಪಕ್ಕ ಕೂಡಬಹುದಿತ್ತು. ಆದರೆ ಹೇಳಿದರೆ ಅದು ಅಕ್ಕನಿಗೆ ಮುಟ್ಟುತ್ತದೆ ಎಂದು — ನೀರಿನ ವರದಿ ಮಾತ್ರ ಬರೆದೆ. ಅದರಲ್ಲಿ ತಪ್ಪುಗಳಿರಲಿಲ್ಲ.

ಕೊನೆಗೆ ನಾನಾಗಿಯೇ ಒಪ್ಪಿಕೊಂಡೆ ಎಂದು ಬರೆದರೆ ಇದೂ ಸುಳ್ಳು ವರದಿಯಾಗುತ್ತದೆ. 2009ರ ಫೆಬ್ರವರಿಯ ಒಂದು ಭಾನುವಾರ ಅಕ್ಕ ಮುಂದಿನ ವಾರದ ತಪಾಸಣೆಗೆ ಫೈಲು ಜೋಡಿಸುತ್ತಿದ್ದಳು. ಹತ್ತು ವರ್ಷದ ಮೇಘಾ ಇಂಗ್ಲಿಷಿನಲ್ಲಿದ್ದ ಕಾಗದಗಳನ್ನು ಓದಿ ಹೇಳುತ್ತಿದ್ದಳು. ಹಳೆಯ ಹಾಳೆ ಸಿಕ್ಕಿತು.

"ಅತ್ತಿ, ಇದರಾಗ ಎಲ್ಲಾರ ಜೋಡಿ ಕುಂತ ಉಣ್ಣಬೇಕಂತ ಐತಿ. ನೀ ಯಾಕ ಒಬ್ಬಾಕಿ ಉಣ್ತಿ?"

"ಇನ್ನೊಮ್ಮೆ ಓದವ್ವ."

ಮೇಘಾ ಇನ್ನೊಮ್ಮೆ ಓದಿದಳು. ಅಕ್ಕ ನನ್ನ ಕಡೆ ತಿರುಗಿದಳು. ಮಗಳನ್ನು ಹೊರಗೆ ಕಳಿಸಿ ಎಲ್ಲವನ್ನೂ ಹೇಳಿದೆ — ತಾಟಿನ ಮೇಲೆ ಬಿದ್ದ ಕಣ, ಬಾರದ ಫೋನ್, ತೆಲುಗಿನಲ್ಲಿ ಹೇಳಿದ ಸುಳ್ಳುಗಳು. ಅಕ್ಕ ಅಳಲಿಲ್ಲ.

"ಇಪ್ಪತ್ತೆರಡು ವರ್ಷ ಮಂದಿ ಉಣ್ಣೋದ ನೋಡೀನಿ, ಬಸು. ಯಾವಾಂವ ಯಾಕ ತಾಟು ಬಿಟ್ಟು ಏಳ್ತಾನಂತ ನಂಗ ತಿಳಿಯಂಗಿಲ್ಲೇನು? ಅವತ್ತ ತಿಳಿದಿತ್ತು. 'ಅಕ್ಕ, ನನ್ನ ಕೈಲೆ ನೋಡಾಕ ಆಗವಲ್ದು' ಅಂದಿದ್ರ ನಾನ ತಾಟು ತಗೊಂಡು ಒಳಗ ಹೋಗ್ತಿದ್ದೆ. ನೀ ಡಾಕ್ಟರ್ ಹೆಸರು ಹೇಳಿದಿ. ನಾ ನಂಬಿದೆ."

ಕ್ಷಮಿಸು ಎನ್ನಲು ಹೊರಟೆ. ಕೈಯೆತ್ತಿ ತಡೆದಳು.

"ನಂದಿರಲಿ. ಆ ಮಂದಿಗೆ ಯಾರು ಹೇಳ್ತಾರ?"

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ತನ್ನ ಚಮಚ, ಲೋಟ ಹಿಡಿದು ನಮ್ಮ ಮೇಜಿಗೆ ಬಂದು ಕುಳಿತಳು. ಮೂರನೇ ಗುಟುಕಿಗೆ ಕೆಮ್ಮು ಹತ್ತಿತು. ಯಾರೂ ಅವಳನ್ನು ನೋಡಲಿಲ್ಲ; ಎಲ್ಲರೂ ನಮ್ಮ ನಮ್ಮ ತಾಟನ್ನೇ ನೋಡಿಕೊಂಡೆವು. "ಎದರಿಗೆ ಮಂದಿ ಇದ್ರ ಗಂಟಲಾ ಬಿಗೀತೈತಿ. ಈಗ ಆಗಂಗಿಲ್ಲ," ಎಂದು ಎದ್ದಳು. ಆ ವಾರದಲ್ಲಿ ಮತ್ತೆರಡು ಸಲ ಬಂದಳು. ಆಮೇಲೆ ಬರಲಿಲ್ಲ.

ನೋಟುಬುಕ್ಕಿನಲ್ಲಿ ಒಂಬತ್ತು ಹೆಸರುಗಳಿದ್ದವು. ಕೆಲವಕ್ಕೆ ಊರಿನ ಹೆಸರಷ್ಟೇ ಇತ್ತು. ಶೆಡ್ಡುಗಳು ಎದ್ದುಹೋಗಿದ್ದವು, ಫೋನ್ ನಂಬರುಗಳು ಬದಲಾಗಿದ್ದವು. ರಜೆಯ ದಿನಗಳಲ್ಲಿ ಹುಡುಕಿದೆ. ಉಪ್ಪಲ್‌ನಲ್ಲಿ ಒಬ್ಬ ಸಿಕ್ಕ. ಸರಿಯಾಗಿ ಬರೆದ ಹಾಳೆಯನ್ನು ಕೊಟ್ಟು ತಪ್ಪು ನನ್ನದೆಂದು ಹೇಳಿದೆ. ಅವನು ಹಾಳೆಯನ್ನು ನನಗೇ ವಾಪಸು ಕೊಟ್ಟ. ಶಹಾಪುರದ ಹೆಣ್ಣುಮಗಳೊಬ್ಬಳು ಆ ಸೂಚನೆಯನ್ನು ಮೊದಲಿನಿಂದಲೂ ಪಾಲಿಸಿರಲಿಲ್ಲ. ಈಗ ಅನ್ನ ಉಣ್ಣುತ್ತಾಳೆ. ಸೇಡಂನ ಒಬ್ಬರು ಬಾಗಿಲು ತೆರೆಯಲಿಲ್ಲ.

ಮಲ್ಲಪ್ಪನ ಮನೆಯ ನಂಬರು 2010ರ ಆಗಸ್ಟ್‌ನಲ್ಲಿ ಸಿಕ್ಕಿತು. ಫೋನ್ ಎತ್ತಿದವಳು ಯಂಕಮ್ಮ. ಮಲ್ಲಪ್ಪ ಹಿಂದಿನ ವರ್ಷ ದೀಪಾವಳಿಗೆ ಮುಂಚೆ ತೀರಿಕೊಂಡಿದ್ದ. ನನ್ನ ತಪ್ಪನ್ನು ಹೇಳಿದೆ.

"ಕಡೀತನಕ ಗ್ವಾಡಿ ಕಡೆ ಮುಖ ಮಾಡೇ ಉಂಡ್ರು," ಎಂದಳು. ಆಮೇಲೆ ಇಟ್ಟಳು.

ಸಂಜೆ ಅಕ್ಕನಿಗೆ ಆ ಮಾತನ್ನು ಒಂದಕ್ಷರ ಬದಲಿಸದೆ ಹೇಳಿದೆ. ಅವಳು ನೋಟುಬುಕ್ಕು ತೆಗೆದು ಮಲ್ಲಪ್ಪನ ಹೆಸರಿನ ಮೇಲೆ ಗೀಟು ಎಳೆದು, ನನ್ನ ಕಡೆ ಸರಿಸಿದಳು.

"ಮುಂದಿನ ಹೆಸರು ಓದು."

ಇದನ್ನು ಬರೆಯುತ್ತಿರುವ ದಿನಕ್ಕೆ ಪಟ್ಟಿಯಲ್ಲಿ ಐದು ಹೆಸರುಗಳು ಉಳಿದಿವೆ.