ಹಾಡಿನ ಆನೆ ಬಂದು ಕೊಯ್ಲು ನಿಂತಿತು

ಸಾರಿ ಫ್ರೆಂಡ್ಸ್, ಹಾಸ್ಟೆಲಿನಲ್ಲಿ ಕಲಿತ ನನ್ನ ಕನ್ನಡದಲ್ಲಿ ಇಷ್ಟುದ್ದ ಬರೆದು ನಿಮ್ಮ ತಲೆ ತಿನ್ನುತ್ತಿದ್ದೇನೆ. ಆದರೆ ಇವತ್ತಿನದ್ದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಫಸ್ಟ್ ಇಯರ್ ರಜೆಗೆ ಊರಿಗೆ ಬಂದವಳು ಪಕ್ಕದ ಎಸ್ಟೇಟಿನ ಕೆಲಸಗಾರರ ಲೈನ್ ಮನೆ ಮಕ್ಕಳಿಗೆ ಹಾಡು ಕಲಿಸುತ್ತಿದ್ದೇನೆ. ಮೇಲಿನ ಸ್ವರ ಬಂದಾಗ ಎಲ್ಲರೂ ನಾಚಿ ಸುಮ್ಮನಾಗುತ್ತಿದ್ದರು. ಅದಕ್ಕೇ ಇವತ್ತು ಒಂದು ಆಟ ಆಡಿಸಿದೆ. ಒಬ್ಬಳು ಆನೆ, ಅವಳು ಹತ್ತಿರ ಬಂದಷ್ಟೂ ಉಳಿದವರು ಸ್ವರ ಏರಿಸಿ ‘ಆನೆ ಬಂತು’ ಎಂದು ಹಾಡಬೇಕು. ಎಷ್ಟು ಚೆನ್ನಾಗಿ ಏರಿಸಿದರೆಂದರೆ, ಕೆಳಗೆ ಕಾಫಿ ಕೊಯ್ಯುತ್ತಿದ್ದವರೆಲ್ಲ ಚೀಲ ಬಿಟ್ಟು ಓಡಿದರು.

ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರ್ ಬೈಕಿನಲ್ಲಿ ಬಂದರು. “ಎಲ್ಲಮ್ಮಾ ಆನೆ?”

ನನ್ನ ವೇಲನ್ನೇ ಸೊಂಡಿಲು ಮಾಡಿಕೊಂಡಿದ್ದ ಎರಡನೇ ಕ್ಲಾಸಿನ ರಂಜಿತಾ ಕೈ ಎತ್ತಿದಳು. “ನಾನೇ ಸಾರ್.”

ಅವರಿಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. “ಮಾರಾಯ್ತಿ, ನಾಳೆ ನಿಜವಾದ ಆನೆ ಬಂದಾಗ ಇವ್ರು ಕೂಗಿದ್ರೆ ಒಬ್ರೂ ಓಡಲ್ಲ. ಇನ್ನೊಂದ್ ಸಲ ಆನೆ ಅಂದ್ರೆ ನಿನ್ನ ಕ್ಲಾಸ್ ಬಂದ್” ಎಂದರು. ನಾನು ಕನ್ನಡದಲ್ಲೂ ನಮ್ಮ ಮನೆ ಮಾತಿನಲ್ಲೂ ಕ್ಷಮೆ ಕೇಳಿದೆ.

ಅವರು ಹೋದ ಮೇಲೆ ಬೇರೆ ಪ್ರಾಣಿ ಹುಡುಕಿದೆವು. ಕಾಟಿ, ಅಂದರೆ ಕಾಡುಕೋಣ, ನಿನ್ನೆಯಷ್ಟೇ ಬಂದಿತ್ತಂತೆ. ಹಂದಿ ದಿನಾ ಬರುತ್ತದಂತೆ. ಹುಲಿ ಎನ್ನಲು ನನಗೇ ಧೈರ್ಯವಿಲ್ಲ. “ಸಿಂಹ?” ಎಂದೆ.

“ಸಿಂಹ ಬಂತು ಅಂದ್ರೆ ಯಾರ್ ಹೆದರ್ತಾರೆ ಅಕ್ಕಾ?” ಎಂದಳು ರಂಜಿತಾ. ಹಾಡಿಸಿ ನೋಡಿದೆ, ಸ್ವರ ಕೆಳಗೇ ಉಳಿಯಿತು.

ನಾಳೆ ಬೆಳಿಗ್ಗೆ ಮತ್ತೆ ಕ್ಲಾಸಿದೆ. ನಮ್ಮ ಕಾಡಿನಲ್ಲಿ ಇಲ್ಲದ, ಆದರೂ ಈ ಮಕ್ಕಳು ಹೆದರುವ ಒಂದು ಪ್ರಾಣಿ ಹೇಳಿ. ದಯವಿಟ್ಟು ಬೇಗ ರಿಪ್ಲೈ ಮಾಡಿ.